ಗ್ಯಾದರಿಂಗ್ ಡ್ರೆಸ್ಸಿಗೆ 26 ದಿನದ ಓಡಾಟ

ಶಾಲೆಯ ಚೀಟಿ ಮಗಳ ಬ್ಯಾಗಿನಿಂದ ಹೊರಗೆ ಬಂದದ್ದು ಡಿಸೆಂಬರ್ 8ರ ಸೋಮವಾರ. ಗ್ಯಾದರಿಂಗ್, ಅಂದರೆ ಶಾಲೆಯ ವಾರ್ಷಿಕೋತ್ಸವ, ಜನವರಿ 3ರ ಶನಿವಾರ. ನಡುವೆ 26 ದಿನ ಅಂದರೆ ಬೇಕಾದಷ್ಟು ಆಯಿತು ಅನಿಸುತ್ತದೆ. ಅದರೊಳಗೆ ಎಳ್ಳಮಾವಾಸ್ಯೆ ಬಂತು, ಕ್ರಿಸ್‌ಮಸ್ ಸೂಟಿ ಬಂತು, ಒಂದು ಪಾರ್ಸೆಲ್ ಬಂದು ವಾಪಸ್ ಹೋಯಿತು, ಟೇಲರ್ ಎರಡು ಸಲ 'ನಾಳೆ ಬರ್ರಿ' ಅಂದ. ಡ್ರೆಸ್ ಪೂರ್ತಿ ಆಗಿ ಕೈಗೆ ಸಿಕ್ಕದ್ದು ಗ್ಯಾದರಿಂಗ್‌ಗೆ ಎರಡು ದಿನ ಮೊದಲು. ಕಲಬುರಗಿಯಲ್ಲಿ ಮುಂದಿನ ವರ್ಷ ಇಂಥದೇ ಚೀಟಿ ಯಾರ ಮನೆಗೆ ಬರುತ್ತದೋ ಅವರಿಗೆ ಉಪಯೋಗ ಆಗಲಿ ಅಂತ ಎಲ್ಲ ಅಳತೆ, ಎಲ್ಲ ಖರ್ಚು ಸಮೇತ ಬರೆದಿಟ್ಟಿದ್ದೇನೆ.

ಚೀಟಿಯಲ್ಲಿ ಇದ್ದದ್ದು ಮೂರೇ ಸಾಲು. 9ನೇ ತರಗತಿಯ 12 ಹುಡುಗಿಯರ ಕೋಲಾಟ. ಉಡುಪು ಸಾಂಪ್ರದಾಯಿಕ, ಕೆಂಪು ಅಥವಾ ಹಸಿರು, ಸ್ವಂತ ಖರ್ಚು. ಕೆಳಗೆ ಪಾಲಕರ ಸಹಿ. ಸಹಿ ಮಾಡಿ ಕಳಿಸುವ ಮೊದಲು ಕೇಳಬೇಕಾದ ಸಂಗತಿ ಅದರಲ್ಲಿ ಒಂದೂ ಇರಲಿಲ್ಲ. ವೇದಿಕೆ ಶಾಲೆಯ ಮೈದಾನದಲ್ಲೋ, ಎಸ್.ಎಂ. ಪಂಡಿತ ರಂಗಮಂದಿರದಂಥ ಒಳಗಿನ ಜಾಗದಲ್ಲೋ? ಬರಿಗಾಲೋ, ಚಪ್ಪಲಿಯೋ? ತೋಳು ಎಷ್ಟು ಉದ್ದ ಇರಬೇಕು? ಅದೇ ದಿನ ಬೇರೆ ಡ್ರೆಸ್ಸಿನ ಇನ್ನೊಂದು ಐಟಂ ಇದೆಯೋ? ಇದ್ದರೆ ನಡುವೆ ಎಷ್ಟು ನಿಮಿಷ? ಹನ್ನೆರಡು ಜನರದ್ದೂ ಒಂದೇ ಥರ ಇರಬೇಕೋ, ಬಣ್ಣ ಹೊಂದಿದರೆ ಸಾಕೋ? ಉತ್ತರವನ್ನು ಡೈರಿಯಲ್ಲಿ ಬರೆಸಿಕೊಳ್ಳಿ. ಮಕ್ಕಳ ಬಾಯಲ್ಲಿ ಬಂದ ಉತ್ತರ ಒಂದು ವಾರದಲ್ಲಿ ಮೂರು ಸಲ ಬದಲಾಗುತ್ತದೆ. ನಮಗೆ ಸಿಕ್ಕ ಉತ್ತರ: ಮೈದಾನ, ಸಂಜೆ, ಬರಿಗಾಲು, ತೋಳು ಮೊಣಕೈ ತನಕ, ಬಣ್ಣ ಹೊಂದಿದರೆ ಸಾಕು.

ಇದರ ನಂತರ ಎಲ್ಲರೂ ಅಂಗಡಿಗೆ ಹೋಗುತ್ತಾರೆ. ಅದಕ್ಕಿಂತ ಮೊದಲು ಆ ಕುಣಿತವನ್ನು ಒಮ್ಮೆ ನೋಡಿಬಿಡಿ. ಪ್ರಾಕ್ಟೀಸಿನ ವಿಡಿಯೋ ಫೋನಿನಲ್ಲಿ ತರಿಸಿಕೊಂಡು, ಮೈ ಏನೇನು ಮಾಡುತ್ತದೆ ಅಂತ ಲೆಕ್ಕ ಹಾಕಬೇಕು. ನಮ್ಮ ಕೋಲಾಟದಲ್ಲಿ ಎರಡೂ ಕೈ ತಲೆ ಮೇಲೆ ಹೋಗುವುದು ಹತ್ತಾರು ಸಲ, ಪೂರ್ತಿ ಸುತ್ತು ತಿರುಗುವುದು ಎಂಟು ಸಲ, ಕುಕ್ಕರಗಾಲಲ್ಲಿ ಕೂತು ಏಳುವುದು ನಾಲ್ಕು ಸಲ, ಪಕ್ಕದವಳ ಕೋಲಿಗೆ ಹೊಡೆಯಲು ಸೊಂಟದಿಂದ ಬಾಗುವುದು ಲೆಕ್ಕವಿಲ್ಲ. ಡ್ರೆಸ್ ಹೇಗಿರಬೇಕು ಅನ್ನುವುದು ಅಲ್ಲಿಗೇ ಅರ್ಧ ತೀರ್ಮಾನ ಆಯಿತು. ಕೈ ಎತ್ತಿದರೆ ಕುಪ್ಪಸ ಮೇಲೇರಬಾರದು. ತಿರುಗಿದಾಗ ಪರಕಾರ (ಲಂಗ) ಬಿಚ್ಚಿಕೊಳ್ಳಬೇಕು, ಕೂತಾಗ ಕಾಲಿಗೆ ಸಿಗಬಾರದು. ಓಡ್ನಿ (ದುಪಟ್ಟಾ) ಕೋಲಿಗೆ ಸಿಕ್ಕಿಕೊಳ್ಳಬಾರದು. ಕನ್ನಡಿ ಮುಂದೆ ನೆಟ್ಟಗೆ ನಿಂತರೆ ಇದರಲ್ಲಿ ಒಂದೂ ಗೊತ್ತಾಗುವುದಿಲ್ಲ.

ಮಗಳ ಮನಸ್ಸಿನಲ್ಲಿ ಇದ್ದದ್ದು ಬೇರೆಯೇ. ಫೋನಿನಲ್ಲಿ ಕಂಡ ಕೆಂಪು ಗೌನು, ಭುಜದ ಮೇಲೆ ನೆಟ್ ಬಟ್ಟೆ, ಕೆಳಗೆ ಜಗಜಗ ಸೀಕ್ವಿನ್ ಚಮಕಿ. ಬೇಡ ಅಂದಿದ್ದರೆ ಅದು ಕೊನೆಯ ದಿನದ ತನಕ ಜಗಳವಾಗಿಯೇ ಉಳಿಯುತ್ತಿತ್ತು. ವಾಪಸ್ ಮಾಡಲು ಬರುವಂಥದ್ದನ್ನೇ ನೋಡಿ 9ಕ್ಕೆ ಆರ್ಡರ್ ಹಾಕಿದೆವು, 14ಕ್ಕೆ ಬಂತು. ಹಾಕಿಕೊಂಡಳು, ಚಂದ ಕಂಡಳು, ಖುಷಿಪಟ್ಟಳು. 'ಈಗ ಕೋಲು ಹಿಡಿದು ಒಂದು ಸುತ್ತು ಕುಣಿ' ಅಂದಾಗ ಗುಟ್ಟು ಬಯಲಾಯಿತು. ಭುಜದ ನೆಟ್ಟು ಹಿಗ್ಗುವುದಿಲ್ಲ, ಕೈ ಕಿವಿಯ ಮಟ್ಟಕ್ಕೆ ಬಂದು ನಿಂತಿತು. ಕೆಳಗೆ ಮೂರು ಇಂಚು ಹೆಚ್ಚು ಉದ್ದ. ಸೀಕ್ವಿನ್ ಕೆಲಸ ತುದಿಯ ತನಕ ಇರುವುದರಿಂದ ಮಡಿಚಿ ಹೊಲಿಯಲು ಬರುವುದಿಲ್ಲ. ಕತ್ತರಿಸಿದರೆ ದಾರ ಬಿಚ್ಚಿ ಸಾಲುಗಟ್ಟಿ ಉದುರುತ್ತದೆ. 'ಅವ್ವಾ, ಕೈ ಮ್ಯಾಲ ಹೋಗವಲ್ದು' ಅಂತ ಅವಳೇ ಹೇಳಿ ಅವಳೇ ಬಿಚ್ಚಿಟ್ಟಳು. 16ಕ್ಕೆ ವಾಪಸ್ ಒಯ್ದರು. ಆ ಐದು ದಿನ ಕಾದದ್ದು ದಂಡ ಅಂತ ನನಗೆ ಅನಿಸಿಲ್ಲ. ನೀವೂ ಹೀಗೆ ತರಿಸುವುದಾದರೆ ಮೂರು ವಿಷಯ ನೆನಪಿಡಿ: ಟ್ಯಾಗ್ ಕೀಳಬೇಡಿ, ತೊಟ್ಟು ನೋಡುವಾಗ ಪೌಡರ್ ಸೆಂಟು ಹಾಕಬೇಡಿ, ಪೊಟ್ಟಣ ಒಡೆಯುವುದನ್ನು ವಿಡಿಯೋ ಮಾಡಿಟ್ಟುಕೊಳ್ಳಿ. ಸೈಜನ್ನು ವಯಸ್ಸು ನೋಡಿ ಆರಿಸಬೇಡಿ. '14–15 ವರ್ಷ' ಅನ್ನುವುದು ಒಂದೊಂದು ಕಂಪನಿಗೆ ಒಂದೊಂದು ಅಳತೆ. ಎದೆ, ಸೊಂಟ, ಉದ್ದದ ಇಂಚು ನೋಡಿ.

ಪಾರ್ಸೆಲ್ ದಾರಿ ಕಾಯುವಾಗಲೇ, 13ರ ಶನಿವಾರ, ಬಾಡಿಗೆಗೆ ಕೊಡುವ ಒಂದು ಅಂಗಡಿ ನೋಡಿ ಬಂದಿದ್ದೆವು. ದಿನಕ್ಕೆ 400 ರೂಪಾಯಿ ಬಾಡಿಗೆ, ಮೇಲೆ 1,000 ಡಿಪಾಜಿಟ್. ಲಂಬಾಣಿ ಡ್ರೆಸ್, ಕೋಲಾಟದ ಡ್ರೆಸ್, ಮರಾಠಿ ಒಂಬತ್ತು ಗಜ, ಎಲ್ಲ ನೇತುಹಾಕಿರುತ್ತಾರೆ. ಗುಂಪಿಗೆ ಗುಂಪೇ ಒಂದೇ ಥರ ಬೇಕಿದ್ದರೆ ಬಾಡಿಗೆಯೇ ಸರಿ, ಎರಡನೇ ಮಾತಿಲ್ಲ. ಒಬ್ಬಳಿಗೇ ಆದರೆ ತೊಂದರೆ. ಹೆಚ್ಚಿನವು ಫ್ರೀಸೈಜ್: ಹಿಂದೆ ಲಾಡಿ ಕಟ್ಟಿ ಬಿಗಿ ಮಾಡುತ್ತಾರೆ, ಎಂಟು ಸುತ್ತು ತಿರುಗಿದ ಮೇಲೆ ಅದು ಸಡಿಲ ಆಗದೇ ಇರುವುದಿಲ್ಲ. ಡಿಸೆಂಬರ್–ಜನವರಿ ಊರಿನ ಶಾಲೆಗಳ ಗ್ಯಾದರಿಂಗ್ ಎಲ್ಲ ಒಟ್ಟಿಗೆ ಬರುವುದರಿಂದ ಒಂದು ಕಡೆಯಿಂದ ಬಂದದ್ದು ತೊಳೆಯದೆಯೇ ಇನ್ನೊಂದು ಕಡೆ ಹೋಗುವುದೂ ಉಂಟು. ಬಗಲಿನ ಅಸ್ತರ ಮೂಸಿ ನೋಡಿ, ನಾಚಬೇಡಿ. ತೆಗೆದುಕೊಳ್ಳುವುದಾದರೆ ಹರಿದ ಕಡೆ, ಕನ್ನಡಿ ಬಿದ್ದ ಕಡೆ ಅಂಗಡಿಯವರ ಎದುರೇ ಫೋಟೋ ತೆಗೆಯಿರಿ. ಡಿಪಾಜಿಟ್ ಜಗಳ ಆಗುವುದು ಅಲ್ಲೇ. ಇನ್ನೊಂದು ಮಾತು: ಅಸಲಿ ಲಂಬಾಣಿ ಪೇಟಿಯಾ (ಲಂಗ) ಕನ್ನಡಿ, ಕಸೂತಿ, ನಾಣ್ಯ ಎಲ್ಲ ಸೇರಿ ಭಾರಿ ತೂಕ, ರೂಢಿ ಇಲ್ಲದ ಹುಡುಗಿಗೆ ಅದನ್ನು ಹೊತ್ತು ಆರು ನಿಮಿಷ ಕೋಲಾಟ ಆಡುವುದು ಕಷ್ಟ.

ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಿಬರೋಣ ಅಂತ ಮನೆಯಲ್ಲಿ ಒಬ್ಬರಾದರೂ ಹೇಳೇ ಹೇಳುತ್ತಾರೆ. ಮದುವೆ ಜವಳಿಗೆ ಸರಿ. ಒಂದು ಡ್ರೆಸ್ಸಿಗೆ ಹೋದರೆ ಟಿಕೆಟ್, ಊಟ ಸೇರಿ ಉಳಿದ ದುಡ್ಡು ದಾರಿಯಲ್ಲೇ ಕರಗುತ್ತದೆ. ಅದಕ್ಕಿಂತ ಮುಖ್ಯ, ಬಟ್ಟೆ ಬದಲಿಸಬೇಕಾಗಿ ಬಂದರೆ ಮತ್ತೆ ಯಾರು ಹೋಗಬೇಕು?

14ರ ಭಾನುವಾರ ಗೌನು ಪೆಟ್ಟಿಗೆಗೆ ಸೇರಿದ ಮೇಲೆ ಕಪಡಾ ಬಜಾರಿಗೆ ಹೋದೆವು. ಮೊದಲು ರೆಡಿಮೇಡ್ ಲೆಹಂಗಾ ನೋಡಿದ್ದು. ಇಲ್ಲಿ ಬೆಲೆ ಚೀಟಿ ನೋಡುವಾಗ ಒಂದು ಲೆಕ್ಕ ಇದೆ. 2025ರ ಸೆಪ್ಟೆಂಬರ್ 22ರಿಂದ ಒಂದು ಉಡುಪಿನ ಬೆಲೆ 2,500 ರೂಪಾಯಿ ಒಳಗಿದ್ದರೆ ಜಿಎಸ್‌ಟಿ ಶೇ. 5, ದಾಟಿದರೆ ಶೇ. 18. ಹೇಳಿದ ರೇಟು ತೆರಿಗೆ ಸೇರಿಯೋ, ಹೊರತೋ ಅಂತ ಚೌಕಾಸಿಗಿಂತ ಮೊದಲೇ ಕೇಳಿ. ಅಲ್ಲಿನ ಲೆಹಂಗಾಗಳಿಗೆಲ್ಲ ಒಳಗೆ ಕ್ಯಾನ್‌ಕ್ಯಾನ್, ಅಂದರೆ ಬಿರುಸಾದ ನೆಟ್ ಬಟ್ಟೆ. ನಿಂತರೆ ಛತ್ರಿ ಹಾಗೆ ಚಂದ. ಕೂತರೆ ಮುಂದೆ ಎದ್ದು ನಿಲ್ಲುತ್ತದೆ, ತೊಡೆಗೆ ಚುಚ್ಚುತ್ತದೆ, ತಿರುಗುವಾಗ ಪಕ್ಕದವಳ ಕಾಲಿಗೆ ಬಡಿಯುತ್ತದೆ. ಕುಣಿತಕ್ಕೆ ಬೇಡ.

ಹಾಗೆ ಹೀಗೆ ನಾಲ್ಕು ಅಂಗಡಿ ಹತ್ತಿ ಇಳಿದ ಮೇಲೆ, ಸೀರೆಯಲ್ಲೇ ಪರಕಾರ ಹೊಲಿಸೋಣ ಅಂತ ಇಳಕಲ್ ಸೀರೆಯ ಅಂಗಡಿಗೆ ಬಂದೆವು. 'ಆಯಿ ಉಡೋ ಸೀರಿ ಅದು' ಅಂತ ಮಗಳು ಮುಖ ಗಂಟುಹಾಕಿ ಕೂತಿದ್ದಳು. ಅಂಗಡಿಯವರು ಒಂದು ಸೀರೆ ಬಿಚ್ಚಿ ಸೊಂಟಕ್ಕೆ ನಿರಿಗೆ ಹಿಡಿದು ತೋರಿಸಿದರು, ಒಂದು ಸುತ್ತು ತಿರುಗಿದಳು, ದಡಿ ಅಗಲವಾಗಿ ಬಿಚ್ಚಿಕೊಂಡಿತು. ಮುಖದ ಗಂಟು ಸಡಿಲವಾಯಿತು. ಆದರೆ ಕಣ್ಣು ಹೋದದ್ದು ಚಂದ್ರಕಾಳಿ ಮೇಲೆ. ಕಪ್ಪು ಒಡಲು, ಕೆಂಪು ದಡಿ. ಚೀಟಿಯಲ್ಲಿ ಕಪ್ಪು ಇಲ್ಲ. ದಡಿ ಕೆಂಪಿದೆಯಲ್ಲ ಅಂತ ಸೋಮವಾರ ಟೀಚರನ್ನು ಕೇಳಿದಳು, ಅವರು ಆಗುವುದಿಲ್ಲ ಅಂದರು. ಅವಳನ್ನು ಒಪ್ಪಿಸಿದ್ದು ಟೀಚರ ಮಾತಲ್ಲ, ವೇದಿಕೆಯ ಪರದೆ. ಶಾಲೆಯ ಪರದೆ ಕಪ್ಪು. ಅದರ ಮುಂದೆ ಕಪ್ಪು ಪರಕಾರ ಕಾಣುವುದೇ ಇಲ್ಲ, ಬರೀ ಕೈ ಮತ್ತು ಮುಖ ಕುಣಿದಂತೆ ಇರುತ್ತದೆ.

ಬಣ್ಣದ ಬಗ್ಗೆ ಇನ್ನೊಂದು ಸಂಗತಿ. ವೇದಿಕೆ ಮೇಲೆ ಕೆಂಪು ದೀಪ ಬಿದ್ದರೆ ಹಸಿರು ಬಟ್ಟೆ ಕಪ್ಪಾಗಿ ಕಾಣುತ್ತದೆ, ನೀಲಿ ದೀಪ ಬಿದ್ದರೆ ಕೆಂಪು ಕಪ್ಪಾಗುತ್ತದೆ. ಸ್ಟೇಶನರಿ ಅಂಗಡಿಯಲ್ಲಿ ಸಿಗುವ ಬಣ್ಣದ ಜಿಲೆಟಿನ್ ಪೇಪರನ್ನು ಫೋನಿನ ಟಾರ್ಚಿಗೆ ಹಿಡಿದು, ಕತ್ತಲೆ ಕೋಣೆಯಲ್ಲಿ ಬಟ್ಟೆ ಮೇಲೆ ಬೆಳಕು ಬಿಟ್ಟರೆ ಮನೆಯಲ್ಲೇ ಗೊತ್ತಾಗುತ್ತದೆ. ಹಸಿರು ಒಡಲಿಗೆ ಕೆಂಪು ದಡಿ ಇದ್ದರೆ ಕೆಂಪು ದೀಪದಲ್ಲೂ ಹಸಿರು ದೀಪದಲ್ಲೂ ಎರಡರಲ್ಲಿ ಒಂದು ಎದ್ದು ಕಾಣುತ್ತದೆ. ಈ ಪ್ರಯೋಗ ಅವಳಿಗೆ ಎಷ್ಟು ಹಿಡಿಸಿತೆಂದರೆ ಹಸಿರು ಆರಿಸಿದ್ದು ತಾನೇ ಅನ್ನುವ ಧಿಮಾಕು ಬಂತು. ಬರಲಿ. ತಾನು ಆರಿಸಿದ್ದನ್ನು ಕಡೇ ಗಳಿಗೆಯಲ್ಲಿ ಒಲ್ಲೆ ಅನ್ನುವುದಿಲ್ಲ.

16ಕ್ಕೆ ಕೊಂಡದ್ದು ಹತ್ತಿ ಒಡಲಿನ, ಕೃತಕ ರೇಷ್ಮೆ ಸೆರಗಿನ ಹಸಿರು ಇಳಕಲ್, ಗೋಮಿ ಅನ್ನುವ ವಿನ್ಯಾಸದ ಕೆಂಪು ದಡಿ, 1,250 ರೂಪಾಯಿ. ಉದ್ದ ಐದೂವರೆ ಮೀಟರ್, ಅಗಲ 46 ಇಂಚು. ಅಗಲವನ್ನು ಅಂಗಡಿಯಲ್ಲೇ ಟೇಪು ಹಿಡಿದು ನೋಡಬೇಕು. ಎಲ್ಲ ಸೀರೆಯೂ ಒಂದೇ ಅಗಲ ಇರುವುದಿಲ್ಲ, ನಮ್ಮ ಲೆಕ್ಕ ನಿಂತಿದ್ದು ಅದರ ಮೇಲೆ. ಕುಪ್ಪಸಕ್ಕೆ ಗುಳೇದಗುಡ್ಡದ ಖಣ. ಖಣದ ಅರ್ಜ (ಅಗಲ) ಕಡಿಮೆ, ಹೆಚ್ಚುಕಡಿಮೆ 31 ಇಂಚು. ತ್ರಿಕೋನವಾಗಿ ಮಡಿಸಿಟ್ಟ ಒಂದು ಖಣ ದೊಡ್ಡವರ ಕುಪ್ಪಸಕ್ಕೇ ಕಷ್ಟಪಟ್ಟು ಸಾಲುತ್ತದೆ. ಮೊಣಕೈ ತೋಳಿನ, ಉದ್ದ ಕುಪ್ಪಸಕ್ಕೆ ಸಾಲುವುದಿಲ್ಲ. ಒಂದೂಕಾಲು ಮೀಟರ್ ಕತ್ತರಿಸಿ ಕೊಡುವ ಅಂಗಡಿ ಹುಡುಕಿ. ನಮಗೆ 400 ಬಿತ್ತು. ಅಸ್ತರಕ್ಕೆ 44 ಇಂಚು ಅಗಲದ ಮಲಮಲ್ ಮೂರು ಮೀಟರ್, 240. ಎರಡು ಮೀಟರ್ ಪರಕಾರದ ಒಳಗೆ, ಒಂದು ಕುಪ್ಪಸದ ಒಳಗೆ.

ಹೊಲಿಯಲು ಕೊಡುವ ಮುಂಚೆ ಬಟ್ಟೆಯನ್ನು ನೀರಿಗೆ ಹಾಕುವುದನ್ನು ಬಿಟ್ಟವರು ಆಮೇಲೆ ಅನುಭವಿಸುತ್ತಾರೆ. ಮೊದಲು ದಡಿಯ ಒಳಮೈಯ ಒಂದು ಮೂಲೆಗೆ ಒದ್ದೆ ಬಿಳಿ ಹತ್ತಿ ಒತ್ತಿ ನೋಡಿ. ಕೆಂಪು ಅಂಟಿದರೆ ನೆನೆಸಬೇಡಿ, ದಡಿಯ ಬಣ್ಣ ಹಸಿರಿಗೆ ಹತ್ತುತ್ತದೆ. ಡ್ರೈವಾಶ್ ಒಂದೇ ದಾರಿ. ನಮ್ಮದರಲ್ಲಿ ಅಂಟಲಿಲ್ಲ. ಸೀರೆಯನ್ನು ತಣ್ಣೀರಿನಲ್ಲಿ ಹಿಂಡದೆ ಅದ್ದಿ ನೆರಳಲ್ಲಿ ಒಣಗಿಸಿದೆವು. ಮಲಮಲ್ಲನ್ನು ಎರಡು ತಾಸು ನೆನೆಸಿದೆವು. ಅಸ್ತರವೇ ಹೆಚ್ಚು ಕುಗ್ಗುವುದು. ನೆನೆಸದೆ ಹೊಲಿದರೆ ಮೊದಲ ತೊಳೆತಕ್ಕೆ ಒಳಗಿನದು ಇಂಚಿನಷ್ಟು ಮೇಲೆ ಸರಿದು ಹೊರಗಿನ ಬಟ್ಟೆಯನ್ನು ಎಳೆದು ಗುಬುರು ಮಾಡುತ್ತದೆ. ಖಣವನ್ನು ಮಾತ್ರ ನೀರಿಗೆ ಹಾಕಬೇಡಿ.

ಅಳತೆ ಮನೆಯಲ್ಲೇ ತೆಗೆದುಕೊಂಡೆವು. ಈ ವಯಸ್ಸಿನ ಹುಡುಗಿಯರಿಗೆ ನಾಲ್ಕು ಜನರ ಎದುರು ಟೇಪು ಸುತ್ತಿಸಿಕೊಳ್ಳುವುದು, ತಮ್ಮ ನಂಬರು ಗಟ್ಟಿಯಾಗಿ ಓದಿಸಿಕೊಳ್ಳುವುದು ಮೈಮೇಲೆ ಮುಳ್ಳು ಬಂದಂತೆ. ಅವಳೇ ಬರೆದುಕೊಂಡಳು, ಚೀಟಿ ಮಡಿಚಿ ಟೇಲರಿಗೆ ಕೊಟ್ಟಳು. ಆ ದಿನ ಒಳಗೆ ಏನು ತೊಡುತ್ತಾಳೋ ಅದನ್ನೇ ತೊಟ್ಟು ಅಳೆಯಬೇಕು. ಒಳ ಉಡುಪು ಬದಲಾದರೆ ಎದೆಯ ಅಳತೆ ಒಂದು ಇಂಚು ಆಚೀಚೆ ಆಗುತ್ತದೆ. ಸೊಂಟ ಅಂದರೆ ಲಾಡಿ ಕೂಡುವ ಜಾಗ, ಅಲ್ಲೊಂದು ದಾರ ಕಟ್ಟಿ ಗುರುತು ಮಾಡಿ. ದಾರದಿಂದ ನೆಲಕ್ಕೆ ಬರಿಗಾಲಲ್ಲಿ ಅಳೆಯಿರಿ: 38 ಇಂಚು. ಕುಣಿತದ ಪರಕಾರ ನೆಲದಿಂದ ಎರಡು ಇಂಚು ಮೇಲಿರಬೇಕು, ಇಲ್ಲದಿದ್ದರೆ ಕೂತು ಏಳುವಾಗ ಕಾಲಡಿ ಸಿಗುತ್ತದೆ. ಮೇಲಾಗಿ ನಮ್ಮೂರ ಎರೆಮಣ್ಣಿನ ಮೈದಾನಕ್ಕೆ ಧೂಳು ಏಳದಂತೆ ನೀರು ಚಿಮುಕಿಸಿರುತ್ತಾರೆ, ಆ ಕೆಸರು ದಡಿಗೆ ಹತ್ತಿದರೆ ಬಿಡುವುದಿಲ್ಲ. ಹಾಗಾಗಿ ಉದ್ದ 36. ಸೊಂಟ 26, ಸೊಂಟದಿಂದ ಐದು ಇಂಚು ಕೆಳಗೆ ಸುತ್ತಳತೆ 33. ತೋಳಿನ ದಪ್ಪವನ್ನು ಕೈ ಮಡಿಸಿ ಅಳೆದು ಎರಡು ಇಂಚು ಸೇರಿಸಿ.

ಸೀರೆ ಕತ್ತರಿಸುವ ಲೆಕ್ಕವನ್ನು ಟೇಲರಿಗೆ ಬಾಯಲ್ಲಿ ಹೇಳಿದರೆ ಅವರು ತಮ್ಮ ರೂಢಿಯಂತೆ ಹೊಲಿದುಬಿಡುತ್ತಾರೆ, ಹಾಳೆಯ ಮೇಲೆ ಚಿತ್ರ ಬರೆದು ಕೊಡಿ. ಐದೂವರೆ ಮೀಟರಿನಲ್ಲಿ ಮೂರೂವರೆ ಮೀಟರ್ ಒಡಲು ಪರಕಾರಕ್ಕೆ. ಉಳಿದ ಎರಡು ಮೀಟರ್, ಸೆರಗು ಸಮೇತ, ಓಡ್ನಿಗೆ. ಇಳಕಲ್ಲಿನಲ್ಲಿ ಒಡಲಿನ ಹಾಸು (ಉದ್ದಕ್ಕೆ ಹೋಗುವ ಎಳೆ) ಮತ್ತು ಸೆರಗಿನ ಹಾಸು ಬೇರೆ ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಬಣ್ಣ ಒಮ್ಮೆಲೇ ಬದಲಾಗುವ ಆ ಗೆರೆಯ ಹತ್ತಿರ ಕತ್ತರಿ ಹಾಕಬಾರದು, ಓಡ್ನಿಯ ನಡುವೆ ಹಾಗೇ ಉಳಿಯಲಿ.

ಮೂರೂವರೆ ಮೀಟರ್ ಅಂದರೆ 138 ಇಂಚಿನ ಘೇರು (ಕೆಳಸುತ್ತು). ಇದನ್ನು ನೇರ 26 ಇಂಚಿನ ಸೊಂಟಕ್ಕೆ ನಿರಿಗೆ ಹಿಡಿದರೆ ಐದು ಪಟ್ಟಿಗಿಂತ ಹೆಚ್ಚು. ಹತ್ತಿ ಬಟ್ಟೆ ಸೊಂಟದಲ್ಲಿ ಸಿಂಬಿ ಕಟ್ಟಿದಂತೆ ದಪ್ಪ ಆಗುತ್ತದೆ, ಹುಡುಗಿಯರು ಇಳಕಲ್ ಪರಕಾರ ಒಲ್ಲೆ ಅನ್ನುವುದಕ್ಕೆ ಮುಕ್ಕಾಲು ಪಾಲು ಕಾರಣ ಇದೇ. ಮೇಲೆ ಐದು ಇಂಚಿನ ಬೆಲ್ಟು ಕೊಟ್ಟು, ಅದರ ಕೆಳಗಿನ 35 ಇಂಚಿಗೆ (ಅಳತೆಯ 33, ಸಡಿಲಕ್ಕೆ ಎರಡು) ನಿರಿಗೆ ಕೂಡಿಸಿದರೆ ನಾಲ್ಕು ಪಟ್ಟು, ಮೈಗೆ ಒತ್ತಿ ಕೂಡುತ್ತದೆ. ಬೆಲ್ಟಿನಿಂದ ಕೆಳಗೆ 31 ಇಂಚು ಬೇಕು. ಹೊಲಿಗೆಗೆ ಒಂದು ಇಂಚು. ಸೀರೆಯ ದಡಿಯೇ ಪರಕಾರದ ತುದಿ ಆದ್ದರಿಂದ ಕೆಳಗೆ ಬಿಚ್ಚಿ ಉದ್ದ ಮಾಡಲು ಏನೂ ಇರುವುದಿಲ್ಲ. ಬೆಳೆಯುವ ಹುಡುಗಿಗೆ ದಡಿಯ ಮೇಲ್ಗಡೆ ಒಂದು ಇಂಚಿನ ಟಕ್ (ಮಡಿಚಿ ಹೊಲಿದ ಪಟ್ಟಿ) ಹಿಡಿಸಿಡಿ, ಅದಕ್ಕೆ ಬಟ್ಟೆ ಎರಡು ಇಂಚು. ಒಟ್ಟು 34. 46ರಲ್ಲಿ 34 ಹೋದರೆ ಮೇಲ್ಗಡೆಯ ದಡಿ ಸಮೇತ 12 ಇಂಚು ಅಗಲದ ಮೂರೂವರೆ ಮೀಟರ್ ಪಟ್ಟಿ ಉಳಿಯುತ್ತದೆ. ಅದರಲ್ಲೇ ಬೆಲ್ಟು, ತೋಳಿನ ತುದಿಯ ಪಟ್ಟಿ, ಒಂದು ಚಂಚಿ (ಸಣ್ಣ ಚೀಲ). ಈ ಪಟ್ಟಿಯನ್ನು ವಾಪಸ್ ಕೇಳಿ ತೆಗೆದುಕೊಳ್ಳಿ, ಕೇಳದಿದ್ದರೆ ಕೊಡುವುದಿಲ್ಲ.

ಪಕ್ಕದಲ್ಲಿ ಏಳು ಇಂಚಿನ ಸೀಳು, ಎರಡು ಹುಕ್ಕು, ಜೊತೆಗೆ ಲಾಡಿ. ಲಾಡಿ ಹತ್ತಿಯದೇ ಇರಲಿ. ಸ್ಯಾಟಿನ್ ಲಾಡಿಯ ಗಂಟು ಕುಣಿಯುವಾಗ ತಾನೇ ಜಾರುತ್ತದೆ. ಅಸ್ತರದ ಕೆಳಸುತ್ತು 80 ಇಂಚಿಗಿಂತ ಕಡಿಮೆ ಆದರೆ ಕಾಲು ಅಗಲಿಸಿದಾಗ ಚರ್ರನೆ ಹರಿಯುತ್ತದೆ. ಹೊರಗಿನ ಘೇರು ಎಷ್ಟಿದ್ದರೂ ಹೆಜ್ಜೆಯನ್ನು ತಡೆಯುವುದು ಒಳಗಿನ ಅಸ್ತರ.

ಟೇಲರಿಗೆ ಕೊಟ್ಟದ್ದು 18ರ ಗುರುವಾರ. ಮರುದಿನ ಎಳ್ಳಮಾವಾಸ್ಯೆ. ಬೇರೆ ಕಡೆಯವರಿಗೆ ಹೇಳಿದರೆ ಅರ್ಥ ಆಗಲಿಕ್ಕಿಲ್ಲ. ಆ ದಿನ ಕಲಬುರಗಿಯಲ್ಲಿ ಹೊಲ ಇದ್ದವರು, ಹೊಲ ಇದ್ದವರ ನೆಂಟರು, ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಅಡುಗೆಯ ಎಡೆ ಚೆಲ್ಲಲು, ಹೋಗಿರುತ್ತಾರೆ. ಅಂಗಡಿ ತೆರೆದದ್ದು ಸೋಮವಾರ. ಧನುರ್ಮಾಸದಲ್ಲಿ ಮದುವೆ ಇಲ್ಲ, ಟೇಲರ್ ಖಾಲಿ ಇರುತ್ತಾರೆ ಅಂತ ನನ್ನ ಲೆಕ್ಕ ಇತ್ತು. ಸಂಕ್ರಾಂತಿ ನಂತರದ ಮದುವೆಗಳ ಕುಪ್ಪಸದ ಗಂಟುಗಳು ಆಗಲೇ ಬಂದು ಬಿದ್ದಿರುತ್ತವೆ ಅನ್ನುವುದು ಅಲ್ಲಿ ಹೋದ ಮೇಲೆ ಕಂಡಿತು. ಒಂದು ಪುಣ್ಯ, ನಿಜ ತಾರೀಕು ಹೇಳಿರಲಿಲ್ಲ. 28ಕ್ಕೆ ಬೇಕೇ ಬೇಕು ಅಂತ ಬರೆಸಿ, ಅರ್ಧ ದುಡ್ಡು ಕೊಟ್ಟು, ಬಟ್ಟೆಯ ತುಂಡು ಪಿನ್ ಮಾಡಿದ ಚೀಟಿ ಇಸಕೊಂಡಿದ್ದೆವು. 26ಕ್ಕೆ 'ನಾಳೆ', 27ಕ್ಕೆ 'ನಾಳೆ', 28ರ ಸಂಜೆ ಮೊದಲ ಟ್ರಯಲ್.

ಪರಕಾರ ಅಚ್ಚುಕಟ್ಟು. ಕುಪ್ಪಸ ನೋಡಲು ಇನ್ನೂ ಚಂದ. ಅಂಗಡಿಯಲ್ಲೇ ಎರಡೂ ಕೈ ಎತ್ತಿಸಿದಾಗ ಕುಪ್ಪಸ ಮೂರು ಇಂಚು ಮೇಲೆ ಹೋಗಿ ಹೊಟ್ಟೆ ಕಂಡಿತು. ಹುಡುಗಿ ತಕ್ಷಣ ಕೈ ಇಳಿಸಿ ಓಡ್ನಿ ಹೊದ್ದುಕೊಂಡಳು. ಡ್ಯಾನ್ಸಿಗೆ ಅಂತ ಹೇಳಿದ್ದಕ್ಕೆ ಸಡಿಲ ಇರಲಿ ಅಂತ ಟೇಲರ್ ಬಗಲನ್ನು ಒಂದು ಇಂಚು ಇಳಿಸಿ ಕತ್ತರಿಸಿದ್ದ. ತಪ್ಪು ಆಗುವುದು ಇಲ್ಲೇ. ಬಗಲು ಇಳಿದಷ್ಟೂ ತೋಳಿಗೂ ಮೈಗೂ ನಡುವಿನ ಬಟ್ಟೆ ಒಂದೇ ಹಾಳೆ ಆಗುತ್ತದೆ, ತೋಳು ಎತ್ತಿದರೆ ಇಡೀ ಕುಪ್ಪಸವನ್ನೇ ಎಳೆದುಕೊಂಡು ಹೋಗುತ್ತದೆ. ಬಗಲು ಮೈಗೆ ಹತ್ತಿರ, ಮೇಲೆ ಇದ್ದರೆ ತೋಳು ಒಂದೇ ಏಳುತ್ತದೆ, ಕುಪ್ಪಸ ನಿಂತಲ್ಲೇ ನಿಲ್ಲುತ್ತದೆ. ಕತ್ತರಿಸಿದ್ದನ್ನು ಮತ್ತೆ ಏರಿಸಲು ಬರುವುದಿಲ್ಲ. ಇರುವ ದಾರಿ ಒಂದೇ: ಬಗಲಿನ ಹೊಲಿಗೆ ಬಿಚ್ಚಿ, ಉಳಿದ ಖಣದಲ್ಲಿ ಮೂರು ಇಂಚಿನ ಚೌಕ ಕತ್ತರಿಸಿ, ಮೂಲೆ ಕೆಳಮುಖವಾಗಿ ಕೂಡಿಸುವುದು. ಹಳೇ ಅಂಗಿ, ಜುಬ್ಬಾಗಳಲ್ಲಿ ಬಗಲಿಗೆ ಇರುತ್ತಿದ್ದ ಚೌಕ ಇದೇ. ಮೂರು ಇಂಚು ಏರುತ್ತಿದ್ದದ್ದು ಒಂದಕ್ಕೆ ಇಳಿಯಿತು. ಕುಪ್ಪಸದ ಉದ್ದ 17 ಇಂಚು ಇಟ್ಟು ಪಕ್ಕಕ್ಕೆ ಸೀಳು ಬಿಟ್ಟಿದ್ದರಿಂದ ಆ ಒಂದು ಇಂಚು ಬೆಲ್ಟಿನ ಮೇಲೇ ಮುಚ್ಚಿಹೋಯಿತು. ಒಂದೂಕಾಲು ಮೀಟರ್ ಖಣ ತಂದದ್ದು ಇದಕ್ಕೆ ಕೈ ಹಿಡಿಯಿತು. ಒಂದೇ ಮೀಟರ್ ತಂದಿದ್ದರೆ ಬೇರೆ ಬಣ್ಣದ ಚೌಕ ಹಾಕಬೇಕಾಗುತ್ತಿತ್ತು. ಇನ್ನೊಂದು, ಎದೆಯ ಪಕ್ಕದ ಹೊಲಿಗೆಯಲ್ಲಿ ಎರಡೂ ಕಡೆ ಒಂದೊಂದು ಇಂಚು ಮಾರ್ಜಿನ್ ಬಿಡಿಸಿ. ಆರು ತಿಂಗಳಿಗೆ ಬೇಕಾಗುತ್ತದೆ.

30ಕ್ಕೆ ಕೊಡುತ್ತೇನೆ ಅಂದದ್ದು ಜನವರಿ 1ಕ್ಕೆ ಬಂತು. ಅವತ್ತೇ ಮನೆಯ ಮಾಳಿಗೆ ಮೇಲೆ ಪೂರ್ತಿ ಡ್ರೆಸ್ಸಿನಲ್ಲಿ, ಬರಿಗಾಲಲ್ಲಿ, ಕೋಲು ಹಿಡಿದು ಎರಡು ಸಲ ಕುಣಿಸಿದೆವು. ಇದನ್ನು ಬಿಡಬೇಡಿ. ಮೊದಲ ಸಲ ಓಡ್ನಿ ಭುಜದಿಂದ ಜಾರಿ ಕೋಲಿಗೆ ಸುತ್ತಿಕೊಂಡಿತು. 46 ಇಂಚಿನ ಅಗಲವನ್ನು ಅರ್ಧಕ್ಕೆ ಮಡಿಚಿ ನಿರಿಗೆ ಹಿಡಿದು ನಾಲ್ಕು ಕಡೆ ಪಿನ್ ಹಾಕಿದ ಮೇಲೆ ನಿಂತಿತು: ಎಡ ಭುಜಕ್ಕೆ ಒಳಗಿನಿಂದ ಒಂದು, ಬೆನ್ನ ಮೇಲೆ ಒಂದು, ಬಲ ಸೊಂಟದಲ್ಲಿ ಎರಡು. ಪಿನ್ನಿನ ಕೆಳಗೆ ಒಂದು ಚೂರು ದಪ್ಪ ಬಟ್ಟೆ ಇಟ್ಟರೆ ಓಡ್ನಿ ಹರಿಯುವುದಿಲ್ಲ. ಗಾಜಿನ ಬಳೆ ಕೋಲಾಟಕ್ಕೆ ಬೇಡ, ಒಂದು ಪೆಟ್ಟು ತಪ್ಪಿದರೆ ಒಡೆದು ಕೈಗೆ ಚುಚ್ಚುತ್ತದೆ, ಚೂರು ವೇದಿಕೆ ಮೇಲೆ ಬಿದ್ದರೆ 24 ಬರಿಗಾಲು. ಸೂಪರ್ ಮಾರ್ಕೆಟ್ ಅನ್ನುವ ನಮ್ಮೂರ ಪೇಟೆಯಲ್ಲಿ ಲೋಹದ ಬಳೆ, ಸೊಂಟಪಟ್ಟಿ, ಜಡೆಯ ಕುಚ್ಚು ಎಲ್ಲ ಸೇರಿ 380. ಸೊಂಟಪಟ್ಟಿಯ ಹಿಂದಿನ ಕೊಕ್ಕೆಯನ್ನು ಬೆಲ್ಟಿಗೆ ಎರಡು ಟಾಕು ಹಾಕಿಬಿಡಿ. ಜೋತಾಡುವ ಝುಮಕಿ ಓಡ್ನಿಯ ನೂಲಿಗೆ ಸಿಕ್ಕಿಕೊಳ್ಳುತ್ತದೆ, ಕಿವಿಗೆ ಅಂಟಿದ ಓಲೆ ಸಾಕು.

ಒಳಗೆ ಮೊಣಕಾಲ ತನಕದ ಗಾಢ ಬಣ್ಣದ ಸೈಕ್ಲಿಂಗ್ ಶಾರ್ಟ್ಸ್ ತೊಡಿಸಿ. ತಿರುಗುವಾಗ ಪರಕಾರ ಎಷ್ಟು ಎದ್ದರೂ ಹುಡುಗಿಗೆ ಹೆದರಿಕೆ ಇರುವುದಿಲ್ಲ. ಮುಟ್ಟಿನ ದಿನ ಅದೇ ವಾರಕ್ಕೆ ಬಂದರೂ ಕುಣಿತ ನಿಲ್ಲುವುದಿಲ್ಲ. ಈ ಮಾತನ್ನು ಮೊದಲೇ ಮನೆಯಲ್ಲಿ ಸಹಜವಾಗಿ ಆಡಿಬಿಡುವುದು ಒಳ್ಳೆಯದು, ಮಕ್ಕಳು ತಾವಾಗಿ ಕೇಳುವುದಿಲ್ಲ, ಕೊನೇ ಗಳಿಗೆಯಲ್ಲಿ ಹೊಟ್ಟೆನೋವು ಅಂತ ಮಲಗಿಬಿಡುತ್ತಾರೆ.

ಆ ದಿನ ಕಾರ್ಯಕ್ರಮ ಹೇಳಿದ್ದಕ್ಕಿಂತ ಎರಡು ತಾಸು ತಡ. ಜನವರಿಯ ಸಂಜೆ ನಮ್ಮಲ್ಲಿ ಥಂಡಿ. ತಲೆ ಮೇಲಿಂದ ಹಾಕುವ ಸ್ವೆಟರ್ ಒಯ್ದವರ ಹೂವು, ಜಡೆ ಎಲ್ಲ ಕೆಟ್ಟವು. ಮುಂದೆ ಬಿಚ್ಚುವ ಸ್ವೆಟರೋ ಶಾಲೋ ಇರಲಿ. ಚೀಲದಲ್ಲಿ ಹನ್ನೆರಡು ಸೇಫ್ಟಿ ಪಿನ್, ಹಸಿರು ಕೆಂಪು ದಾರ ಪೋಣಿಸಿಟ್ಟ ಎರಡು ಸೂಜಿ, ಒಂದು ಬಿಡಿ ಲಾಡಿ, ಪ್ಯಾಡು, ಒದ್ದೆ ಕರವಸ್ತ್ರ. ಪಿನ್ನುಗಳಲ್ಲಿ ಒಂಬತ್ತು ಬೇರೆಯವರ ಮಕ್ಕಳಿಗೆ ಹೋದವು. ಒಬ್ಬಳ ಬಾಡಿಗೆ ಲಂಗದ ಸ್ಯಾಟಿನ್ ಲಾಡಿ ವೇದಿಕೆ ಹತ್ತುವ ಐದು ನಿಮಿಷ ಮೊದಲು ಜಾರಿತ್ತು, ನಮ್ಮ ಬಿಡಿ ಲಾಡಿ ಅವಳಿಗೆ ಸೇರಿತು. ವೇದಿಕೆ ಮೇಲೆ ಮಗಳು ಒಮ್ಮೆಯೂ ಕುಪ್ಪಸ ಎಳೆದುಕೊಳ್ಳಲಿಲ್ಲ, ಓಡ್ನಿ ಮುಟ್ಟಿ ನೋಡಿಕೊಳ್ಳಲಿಲ್ಲ. ನಾನು ನೋಡುತ್ತಿದ್ದದ್ದು ಅದನ್ನೇ.

ಖರ್ಚಿನ ಲೆಕ್ಕ: ಸೀರೆ 1,250, ಖಣ 400, ಅಸ್ತರ 240, ಪರಕಾರದ ಹೊಲಿಗೆ 800, ಕುಪ್ಪಸದ್ದು 450, ಬಗಲ ಚೌಕಕ್ಕೆ ಬೇಡ ಅಂದರೂ 100, ಬಳೆ ಇತ್ಯಾದಿ 380, ಆಟೋ 300. ಒಟ್ಟು 3,920 ರೂಪಾಯಿ. ಬಾಡಿಗೆಯದಾದರೆ ಐದುನೂರರೊಳಗೆ ಮುಗಿಯುತ್ತಿತ್ತು ಅನ್ನುವುದು ಖರೇ. ಒಂದೇ ದಿನಕ್ಕೆ ಬೇಕಿದ್ದು, ಮೈಗೆ ಸರಿಯಾಗಿ ಕೂಡುವಂಥದ್ದು ಸಿಕ್ಕರೆ ಕಣ್ಣುಮುಚ್ಚಿ ಬಾಡಿಗೆ ತನ್ನಿ. ಸಂಕ್ರಾಂತಿಗೆ, ಮದುವೆಗೆ ಮತ್ತೆ ತೊಡುತ್ತಾಳೆ ಅನ್ನುವ ನಂಬಿಕೆ ಇದ್ದರೆ ಮಾತ್ರ ಹೊಲಿಸಿ. ಹೊಲಿಸುವುದಾದರೆ ಚೀಟಿ ಬಂದ ಮೊದಲ ವಾರದಲ್ಲೇ ಬಟ್ಟೆ ಟೇಲರ್ ಹತ್ತಿರ ಇರಬೇಕು. ನಾವು ಹತ್ತು ದಿನ ತೆಗೆದುಕೊಂಡೆವು, ಅದು ಹೆಚ್ಚಾಯಿತು.

ಮರುದಿನ ದಡಿಗೆ ಹತ್ತಿದ ಎರೆಮಣ್ಣನ್ನು ಒದ್ದೆ ಇರುವಾಗ ಉಜ್ಜಲಿಲ್ಲ. ಪೂರ್ತಿ ಒಣಗಲು ಬಿಟ್ಟು ಹಳೇ ಬ್ರಶ್ಶಿನಿಂದ ಉದುರಿಸಿ, ಆಮೇಲೆ ತಣ್ಣೀರು. ಕುಪ್ಪಸದ ಬಗಲಿನ ಬೆವರನ್ನು ಒಳಮೈ ತಿರುವಿ ಒದ್ದೆ ಬಟ್ಟೆಯಿಂದ ಒರೆಸಿ ನೆರಳಲ್ಲಿ ಹಾಕಿದೆವು. ಸಂಕ್ರಾಂತಿಗೆ ಬರಿಗಾಲಲ್ಲ, ಚಪ್ಪಲಿ. ಆ ಎತ್ತರಕ್ಕೆ ಪರಕಾರ ಗಿಡ್ಡ ಕಾಣುತ್ತದೆ ಅಂತ ದಡಿ ಮೇಲಿನ ಟಕ್ಕನ್ನು ಮಗಳೇ ಬ್ಲೇಡು ಹಿಡಿದು ಬಿಚ್ಚುತ್ತ ಕೂತಿದ್ದಾಳೆ.